ಇನ್ನೊಂಚೂರು ಬಿಳಿ

ಅಮ್ಮನ ಕೆನ್ನೆಯ ಬಣ್ಣ ಸಿಗುತ್ತಿರಲಿಲ್ಲ. ಕ್ರಿಸ್ಪಿನ್ ಬೆಳಗಿನಿಂದ ಕಂದು, ಕಾವಿ, ಹಳದಿ, ಒಂದು ತೊಟ್ಟು ನೀಲಿ ಎಂದು ಹಲಗೆಯ ಮೇಲೆ ಕಲಸುತ್ತಲೇ ಇದ್ದ. ಕಲಸಿದ್ದೆಲ್ಲ ಕೊನೆಗೆ ಹೂಕುಂಡದ ಬಣ್ಣಕ್ಕೆ ಬಂದು ನಿಲ್ಲುತ್ತಿತ್ತು. ಐವತ್ತು ದಾಟಿದವನು, ಅಷ್ಟೂ ವರ್ಷ ನೋಡಿದ ಮುಖ. ಕಣ್ಣು ಮುಚ್ಚಿದರೆ ಅವಳ ಕೆಮ್ಮು ಕೇಳಿಸುತ್ತಿತ್ತು, ಮುಖದ ಪೌಡರಿನ ವಾಸನೆ ಬರುತ್ತಿತ್ತು, ಮೆಕ್ಕೆಜೋಳದ ರೊಟ್ಟಿ ತಿರುವಿ ಹಾಕುವಾಗ ಬೆರಳ ತುದಿಯನ್ನಷ್ಟೇ ಹೆಂಚಿಗೆ ಮುಟ್ಟಿಸುವುದು ಕಾಣುತ್ತಿತ್ತು. ಬಣ್ಣ ಮಾತ್ರ ಇಲ್ಲ. ಹಿತ್ತಿಲ ಹಗ್ಗದ ಮೇಲೆ ನಿನ್ನೆ ಒಗೆದು ಹಾಕಿದ ಪ್ಯಾಂಟು ಮೆಕ್ಸಿಕೊದ ತೊಲೂಕಾ ಊರಿನ ಚಳಿಗೆ ಹೆಪ್ಪುಗಟ್ಟಿ, ಒಳಗೆ ಯಾರೋ ನಿಂತ ಹಾಗೆ ಸೆಟೆದುಕೊಂಡಿತ್ತು. ಶನಿವಾರ, ಶಾಲೆಯಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅಲ್ಲಿ ಹುಡುಗರು ‘ಸಾರ್, ಚರ್ಮದ ಬಣ್ಣ ಕೊಡಿ’ ಅನ್ನುತ್ತಾರೆ, ಅವನು ಡಬ್ಬದಿಂದ ತೆಳುಗುಲಾಬಿ ಪೆನ್ಸಿಲ್ ತೆಗೆದು ಕೊಡುತ್ತಾನೆ. ಡ್ರಾಯಿಂಗ್ ಮೇಷ್ಟರಾಗಿ ಸೇರಿದ ಹೊಸದರಲ್ಲಿ ಒಮ್ಮೆ, ‘ಯಾರ ಚರ್ಮದ ಬಣ್ಣ ಇದು? ನಿನ್ನದಾ, ನನ್ನದಾ?’ ಎಂದು ಆ ಪೆನ್ಸಿಲನ್ನು ತನ್ನ ಮುಂಗೈ ಪಕ್ಕ ಹಿಡಿದು ತೋರಿಸಿದ್ದ. ತರಗತಿಯೆಲ್ಲ ನಕ್ಕಿತ್ತು. ಪೆನ್ಸಿಲ್ ನೋಡಿ ನಕ್ಕರೋ ಕೈ ನೋಡಿ ನಕ್ಕರೋ ತಿಳಿಯಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟ, ಸುಮ್ಮನೆ ಗುಲಾಬಿ ಕೊಡುತ್ತ ಬಂದ.

ಈ ಚಿತ್ರ ಅವನಾಗಿ ಶುರು ಮಾಡಿದ್ದಲ್ಲ. ಹೋದ ತಿಂಗಳು ರಾಜಧಾನಿಯಿಂದ ಹಿಮೆನಾ ಎಂಬಾಕೆ ಬಂದಿದ್ದಳು. ಕಲಾಪ್ರದರ್ಶನಗಳನ್ನು ಏರ್ಪಡಿಸುವವಳು, ಎಲ್ಲರೂ ಡಾಕ್ಟರ್ ಎಂದು ಕರೆಯುವವಳು, ಕ್ರಿಸ್ಪಿನ್‌ಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವಳು. ಊರಿನ ಗ್ಯಾಲರಿಯಲ್ಲಿ ‘ನಾವು ಯಾರು’ ಎಂದೊಂದು ಪ್ರದರ್ಶನ, ಒಬ್ಬೊಬ್ಬ ಕಲಾವಿದನಿಂದ ಒಂದೊಂದು ಸ್ವಂತದ ಚಿತ್ರ ಎಂದಳು. ಅವನು ಮೂವತ್ತು ವರ್ಷದ ತನ್ನ ಚಿತ್ರಗಳನ್ನು ಗೋಡೆಗೆ ಒರಗಿಸಿದ್ದ ಕಡೆಯಿಂದ ಒಂದೊಂದೇ ತಿರುಗಿಸಿ ತೋರಿಸಿದ. ಬೂದು ಮೈದಾನಗಳು, ಅಡ್ಡ ಹಾಯ್ದ ಗೆರೆಗಳು, ಎಲ್ಲೋ ಒಂದು ಮೂಲೆಯಲ್ಲಿ ತುಂಡು ಹಳದಿ. ಹಿಮೆನಾ ಪ್ರತಿಯೊಂದರ ಮುಂದೂ ಮರ್ಯಾದೆಗೆ ಬೇಕಾದಷ್ಟು ಹೊತ್ತು ನಿಂತಳು. “ಚೆನ್ನಾಗಿವೆ ಮೇಷ್ಟ್ರೇ. ಆದ್ರೆ ಇವನ್ನ ಯಾವ ದೇಶದಲ್ಲಿ ಕೂತು ಬೇಕಾದ್ರೂ ಮಾಡಬಹುದು, ಅಲ್ವಾ?” ಎಂದಳು. ಆಮೇಲೆ, “ನಿಮ್ಮ ಮನೆತನದ ಹೆಸರು ಸೆಗುಂದೊ. ಅದು ಸಾನ್ ಫೆಲಿಪೆ ಕಡೆಯ ಮಸಾವಾ ಮೂಲನಿವಾಸಿಗಳ ಹಳ್ಳಿಗಳ ಹೆಸರು. ನಿಮ್ಮ ತಾಯಿಗೆ ಆ ಭಾಷೆ ಬರತ್ತೆ ಅಂತ ಕೇಳಿದೆ. ಅಷ್ಟು ದೊಡ್ಡದು ಮನೇಲೇ ಇಟ್ಕೊಂಡು…” ಎಂದು, ಮಾತು ಮುಗಿಸದೆ ಬೂದು ಚಿತ್ರಗಳ ಕಡೆ ನೋಡಿದಳು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಆಯಾಸ. ಜೊತೆಗೆ, ಇಷ್ಟು ವರ್ಷದ ಮೇಲೆ ಯಾರೋ ಕರೆಯುತ್ತಿದ್ದಾರಲ್ಲ ಎಂಬ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಆಸೆ. ಆಗಲಿ ಎಂದುಬಿಟ್ಟ. ಮರುದಿನವೇ ಸರ್ಕಾರಿ ಕರಕುಶಲ ಅಂಗಡಿಗೆ ಹೋಗಿ ಮಸಾವಾ ಹೆಂಗಸರು ಉಡುವ ನೆರಿಗೆ ಲಂಗ, ಸೊಂಟಕ್ಕೆ ಸುತ್ತುವ ಉಣ್ಣೆಯ ಪಟ್ಟಿ, ಹೆಗಲ ಮೇಲೆ ಹೊದೆಯುವ ಕಸೂತಿ ಬಟ್ಟೆ ಕೊಂಡು ತಂದ. ಅಂಗಡಿಯ ಹುಡುಗಿ ಪಟ್ಟಿಯ ಮೇಲಿನ ಹಕ್ಕಿಗಳನ್ನು ಬೆರಳಿಟ್ಟು ತೋರಿಸುತ್ತ, ಪ್ರವಾಸಿಗರಿಗೆ ಹೇಳುವ ನಿಧಾನದಲ್ಲಿ ಅವುಗಳ ಅರ್ಥ ಹೇಳಿದಳು. ಅವನು ಗೊತ್ತಿದ್ದವನಂತೆ ತಲೆಯಾಡಿಸಿದ್ದ. ಗೊತ್ತಿರಲಿಲ್ಲ.

ಬಾಗಿಲ ಸದ್ದಾಯಿತು. ಅಮ್ಮ ಎರ್ಲಿಂದಾ, ಹಿಂದೆ ತಂಗಿ ಒಬ್ದುಲಿಯಾ. ಮಾರುಕಟ್ಟೆಯ ಪಕ್ಕ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿರುವ ತಂಗಿಯ ಮನೆಯಲ್ಲೇ ಅಮ್ಮ ಇರುವುದು. ಮೊಮ್ಮಗಳ ಹದಿನೈದನೇ ಹುಟ್ಟುಹಬ್ಬಕ್ಕೆ ಹೊಲಿಸಿದ ಗುಲಾಬಿ ಬಣ್ಣದ ಕೋಟು-ಲಂಗ ಅಮ್ಮನ ಮೈಮೇಲಿತ್ತು; ಕೊರಳಲ್ಲಿ ಮುತ್ತಿನ ಸರ; ಕೂದಲು ಗುಂಗುರು ಗುಂಗುರಾಗಿ ಗಟ್ಟಿಯಾಗಿ ಕೂತಿತ್ತು; ಮುಖಕ್ಕೆ ಹಣೆಯಿಂದ ಗಲ್ಲದವರೆಗೆ ಪೌಡರು. ಕತ್ತಿನ ಹತ್ತಿರ ಪೌಡರು ಮುಗಿದ ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಬೆಳಗಿನಿಂದ ಹುಡುಕುತ್ತಿದ್ದ ಬಣ್ಣ ಆ ಗೆರೆಯ ಕೆಳಗೆ, ಎರಡು ಬೆರಳಿನಷ್ಟು ಅಗಲ, ಅಲ್ಲಿತ್ತು. ಅವನು ಅಲ್ಲೇ ನೋಡುತ್ತಿದ್ದುದನ್ನು ಕಂಡು ಅಮ್ಮ ಕಾಲರ್ ಮೇಲೆಳೆದುಕೊಂಡಳು.

“ಬೆಳಿಗ್ಗೆ ಆರಕ್ಕೇ ಎಬ್ಬಿಸಿದ್ದಾಳೆ ನನ್ನ, ತಲೆ ಮಾಡು ಅಂತ,” ಎಂದಳು ಒಬ್ದುಲಿಯಾ. “ಎಂಬತ್ತೊಂದು ವರ್ಷಕ್ಕೆ ಮಹರಾಣಿ. ಕೂದಲು ಮಾತ್ರ ಚಪ್ಪಟೆ ಮಾಡಿಬಿಡಬೇಡ ಅಣ್ಣಾ, ಅರ್ಧ ಡಬ್ಬ ಸ್ಪ್ರೇ ಹೊಡೆದಿದ್ದೀನಿ.” ಅಷ್ಟರಲ್ಲಿ ಅವಳ ಕಣ್ಣು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಲಂಗದ ಮೇಲೆ ಬಿತ್ತು. ಹತ್ತಿರ ಹೋಗಿ ಒಂದು ಬೆರಳಲ್ಲಿ ಎತ್ತಿ ನೋಡಿದಳು. “ಇದ್ಯಾರಿಗೆ?”

“ಚಿತ್ರಕ್ಕೆ.”

“ಚಿತ್ರ ಉಟ್ಕೊಳತ್ತಾ ಲಂಗಾನ?” ಅವಳ ದನಿ ಸಣ್ಣಗಾಯಿತು. “ಅಣ್ಣಾ, ಏರ್‌ಪೋರ್ಟಲ್ಲಿ ರಿಬ್ಬನ್ ಕಟ್ಟಿ ಮಾರ್ತಾರಲ್ಲ ಬಟ್ಟೆ ಬೊಂಬೆ, ಹಾಗೆ ಮಾಡಬೇಕು ಅಂತಿದ್ದೀಯಾ ಅಮ್ಮನ್ನ? ನಿನ್ನ ಸ್ನೇಹಿತರು ವೈನ್ ಕುಡೀತಾ ನೋಡೋಕಾ? ನಿನಗೆ ಅಷ್ಟು ಬೇಕಿದ್ರೆ ನೀನೇ ಉಟ್ಕೊಂಡು ಕನ್ನಡಿ ಮುಂದೆ ಕೂತ್ಕೋ.”

“ಒಬ್ದುಲಿಯಾ, ಅಂಗಡಿ ಬಾಗಿಲು ತೆಗೀಬೇಕಲ್ವಾ ನೀನು, ಹೋಗು,” ಎಂದಳು ಅಮ್ಮ.

ಒಬ್ದುಲಿಯಾ ಹೋದಳು. ಅಮ್ಮ ಲಂಗವನ್ನು ತೊಡೆಯ ಮೇಲೆ ಹರವಿಕೊಂಡು ಅಂಚನ್ನು ಬೆರಳುಗಳ ನಡುವೆ ಉಜ್ಜಿದಳು. ಈಗ ಏನೋ ಹೇಳುತ್ತಾಳೆ, ಅಜ್ಜಿಯ ಬಗ್ಗೆ, ಊರಿನ ಬಗ್ಗೆ, ತಾನು ಐವತ್ತು ವರ್ಷದಿಂದ ಕಾದ ಒಂದು ಮಾತು ಎಂದು ಕ್ರಿಸ್ಪಿನ್ ಉಸಿರು ಬಿಗಿಹಿಡಿದ. “ಪಾಲಿಯೆಸ್ಟರ್,” ಎಂದಳು ಅಮ್ಮ. “ಒಳ್ಳೇದೇ. ಒಗೆಯೋದು ಸುಲಭ. ನಮ್ಮ ಕಾಲದ್ದು ಒದ್ದೆಯಾದ್ರೆ ಎತ್ತೋಕಾಗ್ತಿರಲಿಲ್ಲ.” ಲಂಗವನ್ನು ಮಡಿಸಿ ಪಕ್ಕಕ್ಕಿಟ್ಟಳು. “ಇದನ್ನ ನಾನು ಬಿಟ್ಟು ಬಂದಿದ್ದು ಎಲ್ಲಿ ಗೊತ್ತಾ? ಬಸ್ ಸ್ಟ್ಯಾಂಡಿನ ಕಕ್ಕಸಲ್ಲಿ. ಹದಿನಾಲ್ಕು ವರ್ಷ ನಂಗೆ. ಚಿಕ್ಕಮ್ಮನ ಮಗಳು ಒಂದು ಫ್ರಾಕು ತಂದಿದ್ಲು, ಬೇಗ ಬೇಗ ಬದಲಾಯಿಸು ಅಂದ್ಲು. ಬದಲಾಯಿಸ್ದೆ. ಹೊರಗೆ ಬಂದ್ರೆ ಕಾಲಿಗೆಲ್ಲ ಗಾಳಿ. ಬತ್ತಲೆ ನಿಂತ ಹಾಗೆ.” ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿದಳು. “ನಿಂಗೆ ಇದು ಬೇಕೇ ಬೇಕಾ ಮಗಾ?”

ಬೇಡ ಎನ್ನಬಹುದಿತ್ತು. ಅವನು, “ಆ ಡಾಕ್ಟರ್ ಕೇಳ್ತಿದ್ದಾಳೆ,” ಎಂದ.

“ಔಷಧಿ ಕೊಡೋ ಡಾಕ್ಟರಾ?”

“ಅಲ್ಲ, ಓದಿದ ಡಾಕ್ಟರ್.”

“ಹಾಗಾದ್ರೆ ಅವಳಿಗೇನು ಕಾಯಿಲೆ?” ಎಂದು ಗೊಣಗುತ್ತ ಅಮ್ಮ ಎದ್ದಳು. “ಕೊಡು. ನೀನೂ ಸೊರಗಿದ್ದೀಯ. ಹಿಂದೆ ಕೊಂಡಿ ಹಾಕೋಕೆ ನಂಗೆ ಕೈ ಹೋಗಲ್ಲ, ಪಟ್ಟಿ ನೀನೇ ಸುತ್ತು.”

ಅವನು ಸುತ್ತಿದ. ಒಬ್ದುಲಿಯಾ ಮಾಡಿದ ಗುಂಗುರನ್ನು ಅಮ್ಮ ತಾನೇ ನೀರು ಹಚ್ಚಿ ಬಾಚಿ, ಎರಡು ಸಣಕಲು ಜಡೆ ಹಾಕಿಕೊಂಡಳು. ಬೆರಳುಗಳು ಯಾರನ್ನೂ ಕೇಳದೆ ತಮ್ಮ ಪಾಡಿಗೆ ಹೆಣೆದವು. ಮುಖ ತೊಳೆದು ಬಂದು ಕುರ್ಚಿಯಲ್ಲಿ ಕೂತಳು. ಕೂತದ್ದೇ ತಡ, ಅವಳ ಹೆಗಲು ಇಳಿಯಿತು. ಎರಡೂ ಕೈ ತೊಡೆಯ ಮೇಲೆ ಒಂದರೊಳಗೊಂದು ಸೇರಿಕೊಂಡವು, ಕಣ್ಣು ನೆಲದ ಮೇಲೆ, ಅವನ ಬೂಟಿನಿಂದ ಸ್ವಲ್ಪ ಆಚೆ, ಎಲ್ಲೋ ನೆಟ್ಟಿತು. ಹಿತ್ತಿಲ ಕಡೆಯ ಬೆಳಕು ಕೆನ್ನೆಯ ಎಲುಬಿನ ಮೇಲೆ ಬಿದ್ದಿತ್ತು. ಬೆಳಗಿನಿಂದ ಮೊಂಡು ಹಿಡಿದಿದ್ದ ಬಣ್ಣ ಈಗ ತಾನಾಗಿಯೇ ಕುಂಚಕ್ಕೆ ಬಂತು. ಅವನು ಬರೆಯತೊಡಗಿದ. ಚೆನ್ನಾಗಿ ಬರುತ್ತಿತ್ತು. ಇಷ್ಟು ಸಲೀಸಾಗಿ ತನ್ನ ಕೈ ಓಡಿ ಎಷ್ಟೋ ವರ್ಷವಾಗಿತ್ತು. ಈ ಕೂತ ಭಂಗಿ ತನಗೆ ಗೊತ್ತು, ಎಲ್ಲೋ ನೋಡಿದ್ದೇನೆ ಎಂದು ಒಳಗೊಳಗೇ ಅನ್ನಿಸುತ್ತಿದ್ದರೂ ಕೈ ನಿಲ್ಲಲಿಲ್ಲ. ನೋಟರಿಯ ಮನೆಯ ಅಡುಗೆಮನೆ. ಹಿಂದಿನ ಬಾಗಿಲ ಪಕ್ಕದ ಕುಳ್ಳು ಸ್ಟೂಲು. ಶಾಲೆ ಬಿಟ್ಟ ಮೇಲೆ ಅವನೂ ತಂಗಿಯೂ ಅಲ್ಲಿಗೇ ಹೋಗಿ ಅಮ್ಮನ ಕೆಲಸ ಮುಗಿಯುವವರೆಗೆ ಗೋಡೆಗೆ ಒರಗಿ ಕೂರಬೇಕಿತ್ತು. ಅಮ್ಮ ಅಲ್ಲಿ ಮೂವತ್ತು ವರ್ಷ ಅಡುಗೆ ಮಾಡಿದಳು. ಒಳಗಿನಿಂದ ‘ಮರಿಯಾ’ ಎಂದು ಕೂಗು ಬಂದರೆ ಎದ್ದು ಹೋಗುತ್ತಿದ್ದಳು. ಅಮ್ಮನ ಹೆಸರು ಎರ್ಲಿಂದಾ ಅಲ್ವಾ ಎಂದು ತಂಗಿ ಒಮ್ಮೆ ಕೇಳಿದ್ದಕ್ಕೆ ಅಮ್ಮ ಅವಳ ಬಾಯಿ ಮೇಲೆ ಕೈಯಿಟ್ಟಿದ್ದಳು. ಹಳ್ಳಿಯಿಂದ ಬಂದ ಜಡೆಯ ಹೆಂಗಸರಿಗೆಲ್ಲ ಊರಿನಲ್ಲಿ ಮರಿಯಾ ಎಂದೇ ಹೆಸರು, ಬೀದಿಯಲ್ಲಿ ಕಿತ್ತಳೆ ಮಾರುವವಳಿಗೂ, ಮನೆಯೊಳಗೆ ಬೇಯಿಸುವವಳಿಗೂ. ಅಮ್ಮ ಜಡೆ ಕತ್ತರಿಸಿದ ಮೇಲೂ ಆ ಮನೆಯಲ್ಲಿ ಹೆಸರು ಬದಲಾಗಲಿಲ್ಲ. ಕೆಲಸ ಮುಗಿದ ಮೇಲೆ, ಯಜಮಾನಿ ಬಂದು ನೋಡಿ ‘ಹೋಗು’ ಎನ್ನುವವರೆಗೆ, ಆ ಸ್ಟೂಲಿನ ಮೇಲೆ ಅಮ್ಮ ಹೀಗೆಯೇ, ಸರಿಯಾಗಿ ಹೀಗೆಯೇ ಕೂರುತ್ತಿದ್ದಳು. ಗುರುತು ಸಿಕ್ಕಿತು. ಸಿಕ್ಕ ಮೇಲೂ ಅವನು ಬರೆಯುತ್ತಲೇ ಇದ್ದ, ಕೈಗಳು ಮುಗಿಯಲಿ ಎಂದುಕೊಂಡ, ಆ ಇಳಿದ ಹೆಗಲಿನ ಗೆರೆಯೊಂದು ಮುಗಿಯಲಿ ಎಂದುಕೊಂಡ, ಬೆಳಕು ಸರಿದುಹೋಗುವ ಮೊದಲು.

“ಆಯ್ತೇನೋ?” ಎಂದಳು ಅಮ್ಮ, ತಲೆಯೆತ್ತದೆ. “ನಾನಿನ್ನು ಎದ್ದು ಬಟ್ಟೆ ಬದಲಾಯಿಸ್ಲಾ? ಇಲ್ಲಾ ಇನ್ನೂ ಏನಾದ್ರೂ ಇದೆಯಾ?”

ಆ ದನಿಯೂ ಅದೇ. ಇನ್ನೂ ಏನಾದ್ರೂ ಇದೆಯಾ ಅಮ್ಮಾವ್ರೇ, ನಾನು ಹೊರಡ್ಲಾ. ಕ್ರಿಸ್ಪಿನ್ ಕುಂಚ ಕೆಳಗಿಟ್ಟ. “ಬದಲಾಯಿಸು,” ಎಂದ, ಮಾತು ಒರಟಾಗಿ ಬಂತು. ಅವಳು ಅವನ ಒರಟಿಗೆ ಹೆದರಿದಂತೆ ಬೇಗ ಎದ್ದಳು, ಅದು ಇನ್ನೂ ನೋಯಿಸಿತು. ಅವಳು ಒಳಗೆ ಹೋದಾಗ ಅವನು ಚಿತ್ರ ನೋಡಿದ. ಹಿಮೆನಾ ಕೇಳಿದ್ದು ಅಲ್ಲಿತ್ತು, ಕೇಳಿದ್ದಕ್ಕಿಂತ ಹೆಚ್ಚೇ ಇತ್ತು. ತಾನು ಬದುಕಿನಲ್ಲಿ ಮಾಡಿದ ಅತ್ಯುತ್ತಮ ಕೆಲಸ ಅದು ಎಂದು ಅವನಿಗೆ ಗೊತ್ತಾಯಿತು. ಬಟ್ಟೆಗೆ ಟರ್ಪೆಂಟೈನ್ ಸುರಿದುಕೊಂಡು ಮೇಲಿನಿಂದ ಕೆಳಗೆ ಒರೆಸಿಬಿಟ್ಟ. ಒರೆಸುವಾಗ ಧೀರನಂತೇನೂ ಅನ್ನಿಸಲಿಲ್ಲ; ಊಟವಾದ ತಟ್ಟೆ ತೊಳೆಯುವವನ ಹಾಗೆ ಸುಮ್ಮನೆ ಒರೆಸಿದ. ಅಮ್ಮ ಗುಲಾಬಿ ಕೋಟಿನಲ್ಲಿ, ಒದ್ದೆ ಕೂದಲಿನಲ್ಲಿ ಹೊರಗೆ ಬಂದು, ಮಸಿಯಾದ ಕ್ಯಾನ್ವಾಸನ್ನೂ ಅವನನ್ನೂ ನೋಡಿದಳು. “ಚೆನ್ನಾಗಿ ಕೂರಲಿಲ್ವಾ ನಾನು?” ಎಂದಳು.

“ಚೆನ್ನಾಗಿ ಕೂತೆ. ಮುಂದಿನ ಶನಿವಾರ ಈ ಕೋಟು ಹಾಕ್ಕೊಂಡೇ ಬಾ. ಮುತ್ತಿನ ಸರಾನೂ.”

ಆಮೇಲಿನ ಶನಿವಾರಗಳಲ್ಲಿ ಅಮ್ಮ ತಪ್ಪದೆ ಬಂದಳು. ಬರುವಾಗ ಮೆಕ್ಕೆಜೋಳದ ಎಲೆಯಲ್ಲಿ ಬೇಯಿಸಿದ, ಕಡುಬಿನಂಥ ತಮಾಲೆಗಳನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದಳು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಪಾಸ್‌ಪೋರ್ಟ್ ಫೋಟೋಗೆ ಕೂತವಳಂತೆ ಕೂರುತ್ತಿದ್ದಳು. ಧಾರಾವಾಹಿಯ ಕತೆ ಹೇಳುತ್ತಿದ್ದಳು, ಎದುರುಮನೆಯವರ ನಾಯಿಯ ಮೇಲೆ ದೂರು ಹೇಳುತ್ತಿದ್ದಳು. ಒಮ್ಮೆ ಮಾತಿನ ನಡುವೆ, “ಇಷ್ಟು ಹೊತ್ತು ನನ್ನನ್ನ ಯಾರೂ ನೋಡಿರಲಿಲ್ಲ ಕಣೋ,” ಎಂದಳು. “ನಿಮ್ಮಪ್ಪನೂ ನೋಡಿರಲಿಲ್ಲ. ಅವರು ಬಸ್ಸು ಓಡಿಸೋರು, ರಸ್ತೆ ನೋಡೋದೇ ಅಭ್ಯಾಸ.” ಕ್ರಿಸ್ಪಿನ್ ನಕ್ಕ. ನಗುತ್ತ, ಕೇಳಿಬಿಡಲೇ ಎಂದುಕೊಂಡ. ಚಿಕ್ಕವನಿದ್ದಾಗ ಹಳ್ಳಿಯಿಂದ ದೊಡ್ಡಮ್ಮ ಬರುತ್ತಿದ್ದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅಕ್ಕತಂಗಿಯರು ಇಬ್ಬರೂ ಮಸಾವಾದಲ್ಲಿ ಮಾತಾಡುತ್ತಿದ್ದರು. ಮೂಗಿನಲ್ಲೂ ಗಂಟಲಿನಲ್ಲೂ ಹುಟ್ಟುವ ಸದ್ದುಗಳು, ನಡುನಡುವೆ ಅಮ್ಮನ ನಗು, ಬೇರೆ ಯಾವಾಗಲೂ ನಗದಂಥ ನಗು. ಅವನು ಹತ್ತಿರ ಹೋದ ಕೂಡಲೇ ಇಬ್ಬರೂ ಸ್ಪ್ಯಾನಿಷಿಗೆ ಹೊರಳುತ್ತಿದ್ದರು. ‘ನಂಗೂ ಹೇಳಿಕೊಡು’ ಎಂದರೆ ಅಮ್ಮ, ‘ಅದರಿಂದ ನಿಂಗೇನು ಸಿಗತ್ತೆ, ಲೆಕ್ಕ ಕಲಿ’ ಎನ್ನುತ್ತಿದ್ದಳು. ಶಾಲೆಯಲ್ಲಿ ಆ ಭಾಷೆಯಾಡಿದ್ದಕ್ಕೆ ಅಮ್ಮನನ್ನು ಬಿಸಿಲಲ್ಲಿ ಕೈಯೆತ್ತಿ ನಿಲ್ಲಿಸಿದ್ದರೆಂದು ದೊಡ್ಡಮ್ಮ ಸತ್ತ ಮೇಲೆ ಯಾರೋ ಹೇಳಿದರು. ಅವನು ಕಲಾಶಾಲೆಗೆ ಹೋದಾಗ ಅಲ್ಲಿನ ಮೇಷ್ಟರು ‘ನಿಮ್ಮಜ್ಜಿ ಹೇಳಿದ್ದನ್ನ ಬರಿ’ ಎಂದಿದ್ದರು. ಅಜ್ಜಿ ಹೇಳಿದ ಒಂದು ಶಬ್ದವೂ ಅವನಿಗೆ ತಿಳಿದಿರಲಿಲ್ಲ. ಹಾಗೆ ಶುರುವಾದದ್ದು ಆ ಬೂದು ಮೈದಾನಗಳು. ಇದನ್ನೆಲ್ಲ ಕೇಳಬಹುದಿತ್ತು. ಕೇಳಿದರೆ ಅವಳ ಹೆಗಲು ಮತ್ತೆ ಇಳಿಯುತ್ತದೇನೋ ಎನ್ನಿಸಿ, “ಗಲ್ಲ ಸ್ವಲ್ಪ ಎಡಕ್ಕೆ,” ಎಂದ.

ಚಿತ್ರ ಮುಗಿಯುತ್ತ ಬಂದ ದಿನ ಅಮ್ಮ ಎದ್ದು ಬಂದು ಅವನ ಪಕ್ಕ ನಿಂತಳು. ಕೋಟು ಮೆಚ್ಚಿದಳು, ಗುಂಡಿಗಳನ್ನು ಮೆಚ್ಚಿದಳು, ಮುತ್ತುಗಳನ್ನು ಒಂದೊಂದಾಗಿ ನೋಡಿದಳು. ಮುಖದ ಹತ್ತಿರ ಬಂದಾಗ ತನ್ನ ಕೆನ್ನೆ ಮುಟ್ಟಿಕೊಂಡಳು.

“ಏನಾಯ್ತು?”

“ಏನಿಲ್ಲ. ನೀನು ಓದಿದವನು, ನಿಂಗೆ ಗೊತ್ತಿರತ್ತೆ.”

“ಹೇಳಮ್ಮಾ.”

“ಒಂಚೂರು ಬೆಳ್ಳಗೆ ಮಾಡೋಕಾಗಲ್ವಾ?” ಎಂದಳು, ಪಕ್ಕದ ಮನೆಯಿಂದ ಉಪ್ಪು ಕೇಳುವವಳ ಹಾಗೆ. “ನಾನು ಪೌಡರ್ ಹಾಕಿದ್ದೀನಲ್ಲ. ನೀನು ಪೌಡರ್ ಹಾಕದೇ ಇರೋಳನ್ನ ಬರೆದಿದ್ದೀಯ.”

ಅವನು ಹಲಗೆಯ ಮೇಲೆ ಬಿಳಿ ಹಿಂಡಿದ. ಕಲಾಶಾಲೆಯಲ್ಲಿ, ದೊಡ್ಡ ಗೋಡೆಚಿತ್ರಗಳ ಮುಂದೆ, ಪುಸ್ತಕಗಳಲ್ಲಿ, ಈ ದೇಶದ ಮಣ್ಣಿನ ಬಣ್ಣದ ಮುಖಗಳ ಬಗ್ಗೆ ಕೇಳಿದ ಅಷ್ಟೂ ಮಾತು ಆ ಕೊಳವೆಯ ಮೇಲೆ ಬೆರಳೊತ್ತುವಾಗ ಅವನ ತಲೆಯಲ್ಲಿ ಹಾಯ್ದುಹೋಯಿತು. ಪಕ್ಕದಲ್ಲಿ ಅಮ್ಮ ಉಸಿರಾಡುತ್ತಿದ್ದಳು. ಅವನು ಕೆನ್ನೆಯ ಮೇಲೆ ತೆಳುವಾಗಿ ಹಚ್ಚಿದ.

“ಇನ್ನೊಂಚೂರು.”

ಹಚ್ಚಿದ. ಹಣೆ, ಮೂಗು, ಗಲ್ಲ. ಕತ್ತಿನ ಹತ್ತಿರ ಬಂದಾಗ ಕೈ ತಡೆಯಿತು. ಪೌಡರು ಮುಗಿಯುವಲ್ಲಿ ಅವನೂ ನಿಲ್ಲಿಸಿದ. ಅದನ್ನು ಅವಳು ಗಮನಿಸಿದಳೋ ಇಲ್ಲವೋ.

“ಇನ್ನೂ ಬೇಕಾ?”

“ಸಾಕು,” ಎಂದಳು ಅಮ್ಮ, ಕಣ್ಣು ಕಿರಿದು ಮಾಡಿ ನೋಡುತ್ತ. “ಜಾಸ್ತಿ ಮಾಡಿದ್ರೆ ಸುಳ್ಳು ಅನ್ಸತ್ತೆ. ಹಾಂ. ಇದು ನಾನು.”

ಚಿತ್ರ ಒಯ್ಯಲು ಹಿಮೆನಾ ತಾನೇ ಬಂದಳು. ಮುಸುಕು ತೆಗೆದಾಗ ಅವಳ ಮುಖ ಸಪ್ಪಗಾದದ್ದು ಕ್ರಿಸ್ಪಿನ್‌ಗೆ ಕಂಡಿತು. ಲಂಗ, ಪಟ್ಟಿ, ಹಕ್ಕಿಗಳನ್ನು ಅವಳ ಕಣ್ಣು ಹುಡುಕಿತು, ಅದೂ ಕಂಡಿತು. ಮುಗಿಯಿತು, ಈಗ ಕ್ಷಮೆ ಕೇಳಿ ಹೊರಟುಹೋಗುತ್ತಾಳೆ, ನಾನು ಸೋಮವಾರ ಶಾಲೆಗೆ ಹೋಗಿ ಗುಲಾಬಿ ಪೆನ್ಸಿಲ್ ಹಂಚುತ್ತೇನೆ ಎಂದುಕೊಂಡ. ಹಾಗೆಂದುಕೊಂಡಾಗ ಹಾಯೆನಿಸಿತು. ಅಷ್ಟರಲ್ಲಿ ಅವಳು ಬಗ್ಗಿ ಕತ್ತಿನ ಆ ಗೆರೆಯನ್ನು ನೋಡಿದಳು. ಮೆಲ್ಲಗೆ ನೆಟ್ಟಗಾದಳು. “ಓ,” ಎಂದಳು. “ಮೇಷ್ಟ್ರೇ. ಈಗ ಗೊತ್ತಾಯ್ತು. ಬಿಳಿ ಮುಖವಾಡ. ಸ್ಪೇನಿನವರು ಬಂದಾಗಿನಿಂದ ಐನೂರು ವರ್ಷದ ನಾಚಿಕೆಯನ್ನ ಈ ಒಂದು ಗೆರೆಯಲ್ಲಿ… ನಿಮ್ಮ ತಾಯಿಯನ್ನೇ ಇಟ್ಟುಕೊಂಡು ಇಷ್ಟು ನಿಷ್ಠುರವಾಗಿ ಬರೆಯೋಕೆ ಎಂಥ ಎದೆ ಬೇಕು.” ಅವನು ಬಾಯಿ ತೆರೆದ. ಅಲ್ಲ, ಅವಳು ಪೌಡರ್ ಹಾಕಿದ್ದಳು, ಅದಕ್ಕೆ, ಎಂದಷ್ಟೇ ಹೇಳಬೇಕಿದ್ದದ್ದು. ವ್ಯಾನಿನ ಚಾಲಕ ಬಾಗಿಲಲ್ಲಿ ಕಾಯುತ್ತಿದ್ದ. ಹೇಳಿದರೆ ಇನ್ನೊಂದು ಗಂಟೆ ಮಾತಾಡಬೇಕಾಗುತ್ತದೆ ಎನ್ನಿಸಿತು. “ಮೂಲೆ ತಗಲದ ಹಾಗೆ ಎತ್ತಿ,” ಎಂದ ಚಾಲಕನಿಗೆ.

ಪ್ರದರ್ಶನ ಶುರುವಾದದ್ದು ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಮಧ್ಯಾಹ್ನ. ಅಮ್ಮ ಅದೇ ಗುಲಾಬಿ ಕೋಟಿನಲ್ಲಿ ಬಂದಳು. ಒಬ್ದುಲಿಯಾ ಬರಲಿಲ್ಲ, ‘ನಾನು ಬಂದ್ರೆ ಜಗಳ ಆಡ್ತೀನಿ’ ಎಂದು ಹೇಳಿ ಕಳಿಸಿದ್ದಳು. ಎತ್ತರದ ಬಿಳಿ ಗೋಡೆಗಳ ದೊಡ್ಡ ಹಜಾರ. ಬಂದವರು ಚಿತ್ರವನ್ನೂ ಅದರ ಮುಂದಿದ್ದ ಹೆಂಗಸನ್ನೂ ನೋಡಿ, ಓ ಅವರೇ, ಎಂದು ಪಿಸುಗುಟ್ಟುತ್ತಿದ್ದರು. ಅಮ್ಮನಿಗೆ ಖುಷಿಯಾಗಿತ್ತು. ಮೊದಲ ಅರ್ಧ ಗಂಟೆ ಬಂದವರಿಗೆಲ್ಲ ಕೈ ಕೊಟ್ಟು ತನ್ನ ಪೂರ್ತಿ ಹೆಸರು ಹೇಳಿಕೊಂಡಳು. ಒಬ್ಬರಾದ ಮೇಲೊಬ್ಬರು ಅವಳ ಹೆಗಲ ಮೇಲೆ ಕೈಯಿಟ್ಟು, ಚಿತ್ರ ಹಿಂದೆ ಬರುವಂತೆ ನಿಲ್ಲಿಸಿ, ಫೋಟೋ ತೆಗೆಸಿಕೊಂಡರು. ಕ್ರಿಸ್ಪಿನ್ ಕೈಯಲ್ಲಿ ವೈನ್ ಗ್ಲಾಸ್ ಹಿಡಿದು ಸ್ವಲ್ಪ ದೂರದಲ್ಲಿದ್ದ. ಆಮೇಲೆ ಹಿಮೆನಾ ಜನರ ಒಂದು ಗುಂಪನ್ನು ಕರೆದುಕೊಂಡು ಬಂದಳು. ಚಿತ್ರದ ಮುಂದೆ, ಅಮ್ಮನಿಂದ ಮಾರು ದೂರದಲ್ಲಿ ನಿಂತು ವಿವರಿಸತೊಡಗಿದಳು. ತನ್ನ ಚರ್ಮವನ್ನೇ ಅಲ್ಲಗಳೆಯಲು ಕಲಿತ ತಲೆಮಾರು, ಎಂದಳು. ಆ ಸುಳ್ಳನ್ನು ಮಗನೇ ಬಯಲಿಗಿಟ್ಟಿದ್ದಾನೆ, ಎಂದಳು. ಅಮ್ಮ ಚರ್ಚಿನಲ್ಲಿ ಪ್ರವಚನ ಕೇಳುವ ಹಾಗೆ ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದಳು.

“ಅಲ್ಲ,” ಎಂದ ಕ್ರಿಸ್ಪಿನ್. ದನಿ ಅವನೆಣಿಸಿದ್ದಕ್ಕಿಂತ ಜೋರಾಗಿತ್ತು. ಎಲ್ಲರೂ ತಿರುಗಿದರು. “ನಾನೇನೂ ಬಯಲಿಗಿಟ್ಟಿಲ್ಲ. ಅವಳು ಬೆಳ್ಳಗೆ ಮಾಡು ಅಂದ್ಲು. ಮಾಡಿದೆ. ಅಷ್ಟೆ.”

ಹಿಮೆನಾ ಅವನನ್ನು ಅಕ್ಕರೆಯಿಂದ ನೋಡಿದಳು. “ಅದನ್ನೇ ನಾನು ಹೇಳ್ತಿರೋದು ಮೇಷ್ಟ್ರೇ,” ಎಂದು ಗುಂಪಿನ ಕಡೆ ತಿರುಗಿ ಮುಂದುವರಿಸಿದಳು. ಕೆಲವರು ಬರೆದುಕೊಂಡರು.

ಅಮ್ಮ ಅವನ ತೋಳು ಹಿಡಿದಳು. “ಏನಂತೆ?”

“ಚೆನ್ನಾಗಿ ಬಂದಿದ್ದೀಯಂತೆ.”

“ಅಷ್ಟು ಹೇಳೋಕೆ ಇಷ್ಟೊಂದು ಮಾತಾ?”

ಆಗ ಪತ್ರಿಕೆಯವನೊಬ್ಬ ಮುಂದೆ ಬಂದು ಅಮ್ಮನ ಬಾಯಿಯ ಹತ್ತಿರ ಫೋನ್ ಹಿಡಿದ. ವಿನಯದ ಮನುಷ್ಯ. “ತಾಯೀ, ನಿಮ್ಮ ಭಾಷೆಯಲ್ಲಿ ನಮಗೆ ಏನಾದ್ರೂ ಹೇಳ್ತೀರಾ?” ಎಂದ. ಕ್ರಿಸ್ಪಿನ್‌ ಒಂದು ಹೆಜ್ಜೆ ಮುಂದಿಟ್ಟ. ಬೇಡ, ಬಿಡಿ ಅವಳನ್ನು, ಎನ್ನಲು ಹೊರಟ. ಅದೇ ಹೊತ್ತಿಗೆ, ಹೇಳಲಿ, ಒಂದು ಸಲ, ನಾನೂ ಕೇಳಲಿ, ಎಂದೂ ಅನ್ನಿಸಿ ಸುಮ್ಮನಾದ. ಅಮ್ಮ ಆ ಫೋನನ್ನು ನೋಡಿದಳು, ಸುತ್ತಲಿನ ಮುಖಗಳನ್ನು ನೋಡಿದಳು, ಕೊನೆಗೆ ಕ್ರಿಸ್ಪಿನ್‌ನನ್ನು ನೋಡಿದಳು. ಅವನನ್ನೇ ನೋಡುತ್ತ, ತಗ್ಗಿದ ದನಿಯಲ್ಲಿ, ಮಸಾವಾದಲ್ಲಿ ಮಾತಾಡಿದಳು. ಒಂದು ವಾಕ್ಯವಲ್ಲ, ಮೂರು ನಾಲ್ಕು. ಒಗೆಯುವ ಕಲ್ಲಿನ ಹತ್ತಿರ ಕೇಳಿದ ಅವೇ ಸದ್ದುಗಳು, ಮೂಗಿನಿಂದ ಹೊರಟು ಗಂಟಲಲ್ಲಿ ಮುರಿಯುವವು, ಸ್ವಲ್ಪವೂ ತುಕ್ಕು ಹಿಡಿದಿರಲಿಲ್ಲ. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಅದರೊಳಗೆ ಗುಡ್ಡವಿತ್ತು, ಅಜ್ಜಿಯಿದ್ದಳು, ಬಸ್ ಸ್ಟ್ಯಾಂಡಿನಲ್ಲಿ ಕಳಚಿಟ್ಟ ಲಂಗವಿತ್ತು, ಅವನನ್ನು ಕ್ಷಮಿಸಿದ ಒಂದು ಮಾತೂ ಇತ್ತೆಂದು ಅವನಿಗೆ ಖಚಿತವಾಗಿ ಅನ್ನಿಸಿತು. ಕಣ್ಣು ತುಂಬಿ ಬಂತು. ಯಾರೋ ಚಪ್ಪಾಳೆ ಶುರು ಮಾಡಿದರು. ಹಜಾರವೆಲ್ಲ ತಟ್ಟಿತು. ಅವನು ಗ್ಲಾಸನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎಲ್ಲರಿಗಿಂತ ಜೋರಾಗಿ ತಟ್ಟಿದ. ಅಮ್ಮ ಮುಗುಳ್ನಕ್ಕು ಮತ್ತೆ ಕೈ ಕೊಡತೊಡಗಿದಳು. ಇನ್ನೂ ಎಷ್ಟೋ ಜನ ಫೋಟೋ ತೆಗೆಸಿಕೊಂಡರು.

ಮನೆಗೆ ಹೊರಟ ಬಸ್ಸಿನಲ್ಲಿ ಭಾನುವಾರದ ಮಧ್ಯಾಹ್ನವಾದ್ದರಿಂದ ಜನ ಕಡಿಮೆಯಿದ್ದರು. ಅಮ್ಮ ಕಿಟಕಿಯ ಪಕ್ಕ ಕೂತ ಕೂಡಲೇ ಬಗ್ಗಿ ಎರಡೂ ಶೂ ಬಿಚ್ಚಿ, ಬೆರಳುಗಳನ್ನು ಬಿಡಿಸಿ, ಹಿಮ್ಮಡಿ ಒತ್ತಿಕೊಂಡಳು. ಕಾಲ್ಚೀಲದ ಮೇಲೆ ಶೂವಿನ ಅಂಚಿನ ಗುರುತು ಆಳವಾಗಿ ಮೂಡಿತ್ತು. ಕ್ರಿಸ್ಪಿನ್ ತುಂಬ ಹೊತ್ತು ತಡೆದುಕೊಂಡಿದ್ದು ಕೇಳಿದ.

“ಅಮ್ಮಾ, ಅಲ್ಲಿ ಏನು ಹೇಳಿದೆ ನೀನು?”

“ಎಲ್ಲಿ?”

“ನಿನ್ನ ಭಾಷೇಲಿ. ಎಲ್ರೂ ಚಪ್ಪಾಳೆ ಹೊಡೆದ್ರಲ್ಲ.”

“ಅದಾ.” ಅಮ್ಮ ಹಿಮ್ಮಡಿ ಒತ್ತುವುದನ್ನು ನಿಲ್ಲಿಸಲಿಲ್ಲ. “ಕಾಲು ಸತ್ತುಹೋಗ್ತಿದೆ ಅಂದೆ. ಈ ಶೂ ಒಬ್ದುಲಿಯಾದು, ಬಿಗಿ, ಆಗಿನಿಂದ ನಿಂತೇ ಇದ್ದೀನಿ, ಯಾರಾದ್ರೂ ಒಂದು ಕುರ್ಚಿ ತಂದುಕೊಡಿ ಅಂದೆ. ಅವನು ಫೋನ್ ಹಿಡಿದು ನಿಂತಿದ್ನಲ್ಲ, ಸ್ಪ್ಯಾನಿಷಲ್ಲಿ ಹೇಳೋಕೆ ನಾಚಿಕೆ ಆಯ್ತು, ಅಷ್ಟು ದೊಡ್ಡ ಜನ. ಆ ಭಾಷೇಲಿ ಕೇಳಿದ್ರೆ ನಾಚಿಕೆ ಆಗಲಿಲ್ಲ.”

ಬಸ್ಸು ಮಾರುಕಟ್ಟೆಯ ಹತ್ತಿರ ತಿರುಗಿತು. ಊರಿಗೇ ಹೆಸರಾದ ಹಸಿರು ಸಾಸೇಜುಗಳನ್ನು ತೋರಣದಂತೆ ಕಟ್ಟಿದ್ದ ಅ‌ಂಗಡಿಗಳು ಒಂದೊಂದಾಗಿ ಹಿಂದೆ ಸರಿದವು. ಕ್ರಿಸ್ಪಿನ್ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು ಕೂತಿದ್ದ.

“ಯಾರೂ ತರಲಿಲ್ಲ,” ಎಂದ.

“ಅವರಿಗೇನು ಗೊತ್ತು ಪಾಪ,” ಎಂದಳು ಅಮ್ಮ. ದೂರಿಲ್ಲದ ದನಿ. ಕಿಟಕಿಯ ಆಚೆ ನೋಡುತ್ತ, “ನಿನ್ನ ಕಣ್ಣಲ್ಲಿ ನೀರು ಬಂತಲ್ಲ ಆಗ. ಅದನ್ನ ನೋಡಿ ನಾನು, ಸದ್ಯ, ಇವನಿಗೆ ಅರ್ಥ ಆಯ್ತು, ಇನ್ನೇನು ಕುರ್ಚಿ ತರ್ತಾನೆ ಅಂದ್ಕೊಂಡೆ,” ಎಂದಳು.